1920ರ ದಶಕದ ಮೆಕ್ಸಿಕೋ ಟೆನಿಸ್ ಆಟಗಾರರ ಪಂದ್ಯಗಳು ಇಷ್ಟೇನಾ?

ಪ್ರಶ್ನೆ:
1924ರಲ್ಲಿ ಮೆಕ್ಸಿಕೋ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋಯಿತು, ದೇಶಗಳ ತಂಡ ಪಂದ್ಯಾವಳಿಯಾದ ಡೇವಿಸ್ ಕಪ್‌ಗೂ ಇಳಿಯಿತು. ಆ ತಲೆಮಾರಿನ ಆಟಗಾರನೊಬ್ಬನ ಪಂದ್ಯಗಳ ಪಟ್ಟಿ ಮಾಡಲು ಹೊರಟರೆ ನಾಲ್ಕಾರು ಪಂದ್ಯಕ್ಕೇ ನಿಂತುಬಿಡುತ್ತದೆ. ಆಡಿದ್ದೇ ಅಷ್ಟಾ, ಅಥವಾ ಹುಡುಕುವ ರೀತಿ ತಪ್ಪಾ?

ಉತ್ತರ 1:
ಎರಡೂ. ಆಗ ಡೇವಿಸ್ ಕಪ್ ಟೈ, ಅಂದರೆ ಎರಡು ದೇಶಗಳ ಮುಖಾಮುಖಿಯಲ್ಲಿ, ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಒಬ್ಬನಿಗೆ ಹೆಚ್ಚೆಂದರೆ ಮೂರು ಪಂದ್ಯ. ಮೊದಲ ಟೈ ಸೋತರೆ ಆ ವರ್ಷದ ಕಥೆ ಮುಗಿಯಿತು. ಮೆಕ್ಸಿಕೋ ಆಡುತ್ತಿದ್ದ ಅಮೆರಿಕ ವಲಯವೇನೂ ಸುಲಭದ್ದಲ್ಲ: 1924ರಲ್ಲಿ ಆಸ್ಟ್ರೇಲಿಯಾ, ಜಪಾನ್ ಅಲ್ಲೇ ಇದ್ದವು. 1928ರಲ್ಲಂತೂ ಆ ಕಾಲದ ದಿಗ್ಗಜ ಬಿಲ್ ಟಿಲ್ಡೆನ್ ಇದ್ದ ಅಮೆರಿಕ ತಂಡ ಮೆಕ್ಸಿಕೋ ಸಿಟಿಗೇ ಬಂದು ಗೆದ್ದುಹೋಯಿತು. ಒಲಿಂಪಿಕ್ಸ್ ಬಾಗಿಲು 1924ರ ನಂತರ ಮುಚ್ಚಿತು; ಪದಕದ ಟೆನಿಸ್ ಮರಳಿದ್ದು 1988ಕ್ಕೆ. ಎಲ್ಲರೂ ಹವ್ಯಾಸಿಗಳು, ಬಹುಮಾನದ ಹಣವಿಲ್ಲ, ಯುರೋಪಿಗೆ ಹಡಗಿನಲ್ಲೇ ಹೋಗಬೇಕು. ಹೀಗಾಗಿ ಹೆಚ್ಚಿನ ಆಟ ಊರಿನ ಕ್ಲಬ್‌ಗಳಲ್ಲೇ.

ಉತ್ತರ 2:
ಹುಡುಕಾಟ ಕೆಡುವುದು ಹೆಸರಿನಲ್ಲಿ. ಸ್ಪ್ಯಾನಿಷ್ ಪದ್ಧತಿಯಲ್ಲಿ ಮೊದಲು ತಂದೆಯ ಕುಲನಾಮ, ಆಮೇಲೆ ತಾಯಿಯದು. ನಂತರದ ಕಾಲದ ಮೆಕ್ಸಿಕೋ ಆಟಗಾರ ರಫಾಯೆಲ್ ಒಸುನಾ ಹೆರೆರಾ ಅವರನ್ನೇ ನೋಡಿ: ಜಗತ್ತಿಗೆ ಅವರು ಒಸುನಾ. ಕೊನೆಯ ಪದವೇ ಕುಲನಾಮ ಅಂದುಕೊಳ್ಳುವ ಇಂಗ್ಲಿಷ್ ಪತ್ರಿಕೆ ಇಂಥವರನ್ನು ಹೆರೆರಾ ಮಾಡಿಬಿಟ್ಟರೆ ಒಬ್ಬ ಆಟಗಾರ ಇಬ್ಬರಾಗುತ್ತಾನೆ. ಎರಡೂ ಕುಲನಾಮ ಬೇರೆಬೇರೆಯಾಗಿ ಹುಡುಕಿ. ಸ್ವರದ ಮೇಲಿನ ಗುರುತು ಇದ್ದಂತೆಯೂ ಇಲ್ಲದಂತೆಯೂ. ‘ದೆ ಲಾ’ ಇರುವ ಹೆಸರನ್ನು ಮೂರು ಅಕ್ಷರದಡಿಯೂ ನೋಡಿ: ದ, ಲ, ಮುಂದಿನ ಪದದ್ದು.

ಪ್ರಶ್ನೆ ಕೇಳಿದವರು:
ಎರಡನೇ ಸುತ್ತಿಗೆ ತಲುಪಿದ ಅಂತ ಇದೆ, ಗೆದ್ದ ಸ್ಕೋರ್ ಎಲ್ಲೂ ಇಲ್ಲ.

ಉತ್ತರ 2:
ಬೈ (ಎದುರಾಳಿಯೇ ಇಲ್ಲದೆ ಮುಂದಿನ ಸುತ್ತು) ಅಥವಾ ವಾಕೋವರ್ (ಎದುರಾಳಿ ಆಡಲು ಬಾರದೆ ಸಿಕ್ಕ ಮುನ್ನಡೆ) ಇರಬೇಕು. ಗೆಲುವಿನ ಲೆಕ್ಕಕ್ಕೆ ಸೇರಿಸಬೇಡಿ. ಯಾರ ಎದುರು ಯಾರು ಎಂದು ತೋರಿಸುವ ಇಡೀ ಡ್ರಾ ಹಾಳೆ ನೋಡಿದರೆ ಗೊತ್ತಾಗುತ್ತದೆ.

ಉತ್ತರ 3:
ಸೋಲುಗಳನ್ನು ಅಳೆಯುವಾಗ ಎತ್ತರ ಮರೆಯಬೇಡಿ. ಮೆಕ್ಸಿಕೋ ಸಿಟಿ ಸುಮಾರು 2,240 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಐದನೇ ಒಂದರಷ್ಟು ಕಡಿಮೆ. ಚೆಂಡು ದೂರ ಹಾರುತ್ತದೆ, ಸ್ಪಿನ್ ಕಡಿಮೆ ತಿರುಗಿಸುತ್ತದೆ, ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಪುಟಿತವೂ ಜಾಸ್ತಿ. ಎತ್ತರಕ್ಕೆಂದೇ ಮಾಡಿದ ಚೆಂಡು ಆಗ ಇರಲಿಲ್ಲ. ಅಲ್ಲಿ ಪಳಗಿದ ಕೈ ಪ್ಯಾರಿಸ್‌ನ ಮಣ್ಣಿನ ಅಂಕಣದಲ್ಲಿ ಅದೇ ಹೊಡೆತ ಹೊಡೆದರೆ ಚೆಂಡು ಗಿಡ್ಡವಾಗಿ ಬೀಳುತ್ತದೆ, ಎದುರಾಳಿಗೆ ಮುಂದೆ ನುಗ್ಗಲು ಅದೇ ಸಾಕು.