ಶಿಕ್ಷಕರ ತರಬೇತಿಯ ಅನುದಾನವನ್ನು ಹೇಗೆ ಬಳಸುವುದು ಸೂಕ್ತ?

ಪ್ರಶ್ನೆ: ಹಲವು ಶಾಲೆಗಳನ್ನು ನೋಡಿಕೊಳ್ಳುವ, ನಾನಿರುವ ಶಾಲಾ ಸಮಿತಿಯು ಮುಂದಿನ ವರ್ಷದ ಅನುದಾನವನ್ನು ಶಿಕ್ಷಕರ ತರಬೇತಿಗೂ ಹೆಚ್ಚಿನ ಸಾಮರ್ಥ್ಯವಿರುವ ಮಕ್ಕಳಿಗಾಗಿ ನಡೆಸುವ ಉನ್ನತ ಮಟ್ಟದ ತರಗತಿಗಳಿಗೂ ಹಂಚಬೇಕಾಗಿದೆ. ಒಂದು ದಿನದ ಕಾರ್ಯಾಗಾರಗಳಿಂದ ಬೋಧನೆಯಲ್ಲಿ ಏನೂ ಬದಲಾಗಿಲ್ಲವೆಂಬುದು ನನ್ನ ಅನುಭವ. ಬೇರೆ ದಾರಿ ಯಾವುದಿದೆ?

ಉತ್ತರ 1: ಕಾರ್ಯಾಗಾರದಲ್ಲಿ ಕೇಳಿದ್ದನ್ನು ತರಗತಿಯಲ್ಲಿ ಪ್ರಯೋಗಿಸುವಾಗ ಶಿಕ್ಷಕರ ಜೊತೆಗೆ ಯಾರೂ ಇರುವುದಿಲ್ಲ, ಕೊರತೆ ಇರುವುದು ಅಲ್ಲಿಯೇ. ಜಪಾನಿನ ‘ಪಾಠ ಅಧ್ಯಯನ’ ಪದ್ಧತಿಯಲ್ಲಿ ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸಿ, ಒಬ್ಬರು ಬೋಧಿಸುತ್ತಿರುವಾಗ ಉಳಿದವರು ಮಕ್ಕಳು ಹೇಗೆ ಯೋಚಿಸುತ್ತಿದ್ದಾರೆಂಬುದನ್ನು ಗಮನಿಸಿ ಬರೆದುಕೊಂಡು, ಬಳಿಕ ಒಟ್ಟಿಗೆ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಇದಕ್ಕೆ ಹಣಕ್ಕಿಂತಲೂ ವೇಳಾಪಟ್ಟಿಯಲ್ಲಿ ಬಿಡುವು ಬೇಕು, ಅದನ್ನು ಸಮಿತಿಯೇ ಒದಗಿಸಿಕೊಡಬೇಕು.

ಉತ್ತರ 2: ಒಪ್ಪುತ್ತೇನೆ. ತರಗತಿಗೇ ಬಂದು ನೆರವಾಗುವ ಮಾರ್ಗದರ್ಶಕರ ಬಗೆಗಿನ 60 ಅಧ್ಯಯನಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಬೋಧನೆಯೂ ಕಲಿಕೆಯೂ ಸುಧಾರಿಸಿದ್ದನ್ನು ತೋರಿಸಿತು. ಆದರೆ ದೊಡ್ಡ ಕಾರ್ಯಕ್ರಮಗಳಲ್ಲಿ ಪರಿಣಾಮ ಕಡಿಮೆಯಿತ್ತು. ಆದ್ದರಿಂದ ಕೆಲವೇ ಶಾಲೆಗಳಿಂದ ಆರಂಭಿಸಿ.

ಉತ್ತರ 3: ಉನ್ನತ ತರಗತಿಗಳಿಗೆ ಮಕ್ಕಳನ್ನು ಶಿಕ್ಷಕರ ಅಥವಾ ಪೋಷಕರ ಶಿಫಾರಸಿನ ಮೇಲೆ ಆರಿಸಬೇಡಿ. ಅಮೆರಿಕದ ಫ್ಲಾರಿಡಾ ರಾಜ್ಯದ ಒಂದು ದೊಡ್ಡ ಶಾಲಾ ಜಿಲ್ಲೆಯು ಎಲ್ಲ ಮಕ್ಕಳನ್ನೂ ಪರೀಕ್ಷಿಸತೊಡಗಿದಾಗ, ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಬಡ ಕುಟುಂಬಗಳ ಅನೇಕ ಮಕ್ಕಳು ಇಂಥ ತರಗತಿಗಳಿಗೆ ಅರ್ಹರಾದರು. ನನ್ನ ಮಟ್ಟಿಗೆ ಮೊದಲ ಖರ್ಚು ಎಲ್ಲ ಮಕ್ಕಳನ್ನೂ ಪರೀಕ್ಷಿಸುವುದಕ್ಕೇ ಆಗಬೇಕು.