ಓಡುತ್ತಾ ಸತ್ತವನೂ ನಮ್ಮ ಚಿಕ್ಕಪ್ಪನೂ

ಕೆಳಗಿರುವುದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾನುವಾರ ನಡೆದ ಮಾತುಕತೆ. ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಆಡುಮಾತನ್ನು ಬರಹದ ಕನ್ನಡಕ್ಕೆ ತಂದಿದ್ದೇನೆ. ನಲವತ್ತು ದಾಟಿದ ಮೇಲೆ ಓಟ ಶುರು ಮಾಡಿದವರ ಮನೆಗಳಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ.

ಚಿಕ್ಕಪ್ಪ (ಹಾಸನ): _ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ._ ಓಡುವವರೇ ಎಚ್ಚರ!! ಅಮೆರಿಕದವರಿಗೆಲ್ಲ ಓಟದ ಹುಚ್ಚು ಹಿಡಿಸಿ, ಓಟದ ಮೇಲೆ ಪುಸ್ತಕ ಬರೆದು ಹಣ ಮಾಡಿದ ಜಿಮ್ ಫಿಕ್ಸ್ ಓಡುತ್ತಲೇ ರಸ್ತೆಯಲ್ಲಿ ಬಿದ್ದು ಸತ್ತ. ಮೊಲ ಓಡುತ್ತದೆ, ಬೇಗ ಸಾಯುತ್ತದೆ. ಆಮೆ ಓಡುವುದಿಲ್ಲ, ಇನ್ನೂರು ವರ್ಷ ಬದುಕುತ್ತದೆ. ಓಡುವುದೂ ಒಂದೇ, ಸುಮ್ಮನೆ ಕೂರುವುದೂ ಒಂದೇ ಎಂದು ಡೆನ್ಮಾರ್ಕಿನ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ನಲವತ್ತರ ಮೇಲೆ ಓಡಿದರೆ ಮಂಡಿ ಚಿಪ್ಪು ಸವೆಯುತ್ತದೆ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಹತ್ತು ಜನರಿಗೆ ಕಳುಹಿಸಿ.

ಚಿಕ್ಕಪ್ಪ: ಮೈಸೂರಿನವಳು ಓದಲಿ ಎಂದು ಹಾಕಿದ್ದೇನೆ.

ಅತ್ತೆ (ಅರಸೀಕೆರೆ): ಒಳ್ಳೆಯ ವಿಷಯ. ನಮ್ಮ ಭಜನಾ ಮಂಡಳಿಯ ಗುಂಪಿಗೂ ಕಳುಹಿಸಿದೆ.

ತಮ್ಮ (ಪುಣೆ): ಅಪ್ಪಾ, ಆಧಾರ ಎಲ್ಲಿದೆ?

ಚಿಕ್ಕಪ್ಪ: ಅದರಲ್ಲೇ ಇದೆಯಲ್ಲ. ಡೆನ್ಮಾರ್ಕ್.

ತಮ್ಮ: ಡೆನ್ಮಾರ್ಕ್ ಎನ್ನುವುದು ದೇಶದ ಹೆಸರು ಅಪ್ಪಾ, ಆಧಾರವಲ್ಲ. ಯಾರು ಮಾಡಿದ ಅಧ್ಯಯನ, ಯಾವ ವರ್ಷ, ಎಷ್ಟು ಜನರ ಮೇಲೆ?

ಚಿಕ್ಕಪ್ಪ: ಹೆಣ್ಣು ನೋಡಲು ಹೋದಾಗ ಜಾತಕಕ್ಕೂ ಆಧಾರ ಕೇಳಿದವನು ನೀನು. ನಿನಗೆ ಯಾವುದು ತಾನೇ ಸಾಕಾದೀತು.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಅತಿ ಸರ್ವತ್ರ ವರ್ಜಯೇತ್. ನಡಿಗೆ, ಮಿತವಾದ ಊಟ, ಹೊತ್ತಿಗೆ ಸರಿಯಾದ ನಿದ್ದೆ ಇಷ್ಟಿದ್ದರೆ ಸಾಕು. ಹಿಂದೆ ಹೆಣ್ಣುಮಕ್ಕಳು ನೀರು ಸೇದುತ್ತಿದ್ದರು, ರುಬ್ಬುತ್ತಿದ್ದರು, ಬೀಸುತ್ತಿದ್ದರು. ಯಾರೂ ಬೂಟು ಹಾಕಿಕೊಂಡು ಕೆರೆ ಸುತ್ತಲಿಲ್ಲ. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ.

ಅತ್ತೆ: ಅಣ್ಣಾ, ಒರಳಿನ ಮುಂದೆ ಒಂದು ದಿನವಾದರೂ ಕುಳಿತಿದ್ದೆಯಾ ನೀನು? ಅಮ್ಮನಿಗೆ ಐವತ್ತಕ್ಕೇ ಸೊಂಟ ಹೋಯಿತು, ನೆನಪಿರಲಿ.

ಮೈಸೂರಿನವಳು ಎಂದರೆ ನಾನು. ನನ್ನ ಓಟ ಹೇಗಿದೆ ಎಂದು ಅಷ್ಟು ಹೊತ್ತಿನವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಅದಕ್ಕೆ ನಾನೇ ಬರೆದೆ.

ನಾನು: ಚಿಕ್ಕಪ್ಪ, ನಾನು ಓಡುವುದು ಕುಕ್ಕರಹಳ್ಳಿ ಕೆರೆಯ ಸುತ್ತ, ಮಣ್ಣಿನ ದಾರಿಯಲ್ಲಿ. ಶುರುವಿನಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆ. ಈಗಲೂ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ನಿಧಾನವಾಗಿಯೇ ಓಡುತ್ತೇನೆ. ಮಾತು ಕಡಿದರೆ ನಡಿಗೆಗೆ ಇಳಿಯುತ್ತೇನೆ. ವಾರಕ್ಕೆ ಮೂರು ದಿನ ಅಷ್ಟೇ. ಏರಿಯ ಮೇಲೆ ನಡೆಯುವ ಹಿರಿಯರು ನನ್ನನ್ನು ಹಿಂದೆ ಹಾಕುವುದೂ ಉಂಟು. ಬೆಳಗಿನ ಹೊತ್ತಿಗೆ ಹೆಜ್ಜಾರ್ಲೆಗಳು ಕೆರೆಯ ನಡುವಿನ ಮರಗಳಿಂದ ಏಳುತ್ತವೆ. ಅದನ್ನು ನೋಡಲೆಂದೇ ಒಂದು ತಿರುವಿನಲ್ಲಿ ನಿಲ್ಲುತ್ತೇನೆ. ಇದರಲ್ಲಿ ಅತಿ ಎಲ್ಲಿದೆ?

ಭಾವ (ಅರಸೀಕೆರೆ): ಓಟ ಎಂದ ಕೂಡಲೇ ನನಗೆ ನೆನಪಾಗುವುದು 1986ರ ಸೋಲ್ ಏಷ್ಯನ್ ಕ್ರೀಡಾಕೂಟ. ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಟಿ.ವಿ. ಇತ್ತು. ಪಿ.ಟಿ. ಉಷಾ ನಾಲ್ಕು ಚಿನ್ನ ಗೆದ್ದಾಗ ಅವರ ಮನೆಯ ಹಜಾರದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತ್ತು. ಅಪ್ಪ ಒಂದು ವಾರ ಅದನ್ನೇ ಹೇಳುತ್ತಿದ್ದರು.

ಚಿಕ್ಕಮ್ಮ (ಹಾಸನ): ಆ ಟಿ.ವಿ. ಮನೆಯವರು ಚಕ್ಕುಲಿ ಕೊಡುತ್ತಿದ್ದರು ಎಂದು ನಿಮ್ಮ ಅಮ್ಮ ಹೇಳುತ್ತಿದ್ದರು.

ಭಾವ: ಹೌದು ಅತ್ತೆ! ಈ ಮೈಸೂರಿನವಳು ಆಗ ಪುಟ್ಟ ಮಗು. ರಜೆಗೆ ಬಂದರೆ ನಮ್ಮ ತೆಂಗಿನ ತೋಟದಲ್ಲಿ ಪಂಪುಮನೆಯಿಂದ ಬೇಲಿಯವರೆಗೆ ಬರಿಗಾಲಿನಲ್ಲಿ ಓಡುವುದೇ ಕೆಲಸ.

ಚಿಕ್ಕಪ್ಪ: ಪಂಪುಮನೆ ಎಂದೆಯಲ್ಲ, ಆ ಮೋಟಾರು ಕೊಂಡದ್ದು ನನ್ನ ಹಣದಲ್ಲಿ. ಪಾಲಾದಾಗ ಅದು ಯಾರಿಗೆ ಹೋಯಿತು ಎಂಬುದನ್ನೂ ಹೇಳಿಬಿಡು.

ಅತ್ತೆ: ಶುರುವಾಯಿತು.

ಮೋಟಾರಿನ ವಿಷಯ ಅಲ್ಲಿಂದ ಮುಂದೆ ಬಹಳ ಹೊತ್ತು ನಡೆಯಿತು. ಅದನ್ನು ಇಲ್ಲಿ ಬಿಟ್ಟಿದ್ದೇನೆ. ಯಾವ ಮನೆಯಲ್ಲಿ ಅಂಥದ್ದೊಂದು ಇಲ್ಲ? ಆ ಹೊತ್ತಿನಲ್ಲಿ ಪುಣೆಯ ತಮ್ಮ ಮೂಲ ಅಧ್ಯಯನವನ್ನು ಹುಡುಕಿ ಓದಿ ಬಂದಿದ್ದ. ಗುಂಪಿನಲ್ಲಿ ಅವನನ್ನು ಎಲ್ಲರೂ ತಕರಾರಿನವನು ಎನ್ನುತ್ತಾರೆ. ಓದಿ ಮಾತನಾಡುವವನು ಅವನೊಬ್ಬನೇ ಎಂದು ನಾನು ಹೇಳುತ್ತೇನೆ.

ತಮ್ಮ: ಸಿಕ್ಕಿತು. ಕೋಪನ್‌ಹೇಗನ್ ಹೃದಯ ಅಧ್ಯಯನ, 2015ರಲ್ಲಿ ಪ್ರಕಟವಾದದ್ದು. ವಾರಕ್ಕೆ ಒಂದರಿಂದ ಎರಡೂವರೆ ಗಂಟೆಯಷ್ಟು, ಎರಡು ಮೂರು ದಿನ, ನಿಧಾನವಾಗಿ ಓಡುವವರಲ್ಲಿ ಸಾವು ಎಲ್ಲರಿಗಿಂತ ಕಡಿಮೆ. ಅಕ್ಕ ಮಾಡುತ್ತಿರುವುದು ಇದನ್ನೇ. ಕೂತವರಿಗೂ ಓಡುವವರಿಗೂ ವ್ಯತ್ಯಾಸ ಕಾಣಲಿಲ್ಲ ಎಂಬುದು ತುಂಬ ಜೋರಾಗಿ, ತುಂಬ ಹೊತ್ತು ಓಡುವವರ ಬಗ್ಗೆ ಮಾತ್ರ. ಆ ಗುಂಪಿನಲ್ಲಿ ಇದ್ದವರೇ ಸುಮಾರು ನಲವತ್ತು ಮಂದಿ, ಅಷ್ಟೂ ವರ್ಷಗಳಲ್ಲಿ ಸತ್ತವರು ಇಬ್ಬರು. ಇಬ್ಬರು ಹೇಗೆ ಸತ್ತರು ಎಂಬುದೂ ಲೆಕ್ಕದಲ್ಲಿಲ್ಲ. ಆ ಎರಡು ಸಾವಿನ ಮೇಲೆ ಜಗತ್ತಿನ ಪತ್ರಿಕೆಗಳೆಲ್ಲ ತಲೆಬರಹ ಹಾಕಿದವು.

ತಮ್ಮ: ಮಂಡಿಯ ವಿಷಯ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಸೊಂಟ ಮತ್ತು ಮಂಡಿಯ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5, ಓಡದೆ ಕೂತವರಲ್ಲಿ ಶೇ 10.2. ಸ್ಪರ್ಧೆಗಾಗಿಯೇ ಓಡುವ ವೃತ್ತಿಪರರಲ್ಲಿ ಶೇ 13.3. ಹವ್ಯಾಸಕ್ಕೆ ಓಡಿದ ಮಂಡಿಗಿಂತ ಕೂತ ಮಂಡಿಯೇ ಹೆಚ್ಚು ಸವೆದಿದೆ.

ಚಿಕ್ಕಪ್ಪ: ಅಂಕಿ ಅಂಶ ಯಾರಿಗೆ ಬೇಕು. 2025ರ ಜೂನಿನಲ್ಲಿ ಹಾಸನದಲ್ಲಿ ಏನಾಯಿತು? ದಿನ ಬೆಳಗಾದರೆ ಹೃದಯಾಘಾತದಿಂದ ಒಬ್ಬರು ಹೋದರು, ಇನ್ನೊಬ್ಬರು ಹೋದರು ಎಂಬ ಸುದ್ದಿ. ಚಿಕ್ಕ ವಯಸ್ಸಿನವರು. ನಮ್ಮ ಬೀದಿಯವರೆಲ್ಲ ಮೈಸೂರಿನ ಜಯದೇವಕ್ಕೆ ಹೋಗಿ ಸಾಲಿನಲ್ಲಿ ನಿಂತರು. ಅಪ್ಪು 46ಕ್ಕೆ ಹೋದದ್ದನ್ನು ಮರೆತೆಯಾ? ವ್ಯಾಯಾಮ ಮಾಡದ ಮನುಷ್ಯನೇ ಆತ?

ಈ ಸಾಲುಗಳನ್ನು ಓದಿದಾಗ ನನಗೆ ಚಿಕ್ಕಪ್ಪನ ಮೇಲೆ ಕೋಪ ಬರಲಿಲ್ಲ. 2021ರ ಅಕ್ಟೋಬರ್ 29ರ ಆ ಮಧ್ಯಾಹ್ನ ಕರ್ನಾಟಕದಲ್ಲಿ ಇದ್ದವರಿಗೆ ಈ ಭಯ ಎಲ್ಲಿಂದ ಬಂತು ಎಂದು ವಿವರಿಸಬೇಕಾಗಿಲ್ಲ. ಭಯ ನಿಜವಾದದ್ದು. ಅದು ತಪ್ಪು ಬಾಗಿಲು ತಟ್ಟುತ್ತಿದೆ ಎಂಬುದಷ್ಟೇ ನನ್ನ ತಕರಾರು.

ತಮ್ಮ: ಹಾಸನದ ಸಾವುಗಳನ್ನು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿತು ಅಪ್ಪಾ. ಓಟದ ಮಾತು ಅಲ್ಲಿ ಎಲ್ಲೂ ಬರಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಇಂಥ ಹಳೆಯ ಕಾರಣಗಳೇ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ 1.09 ಕೋಟಿ ಮಂದಿಯಲ್ಲಿ ಹೃದಯ ಸ್ತಂಭನವಾದದ್ದು 59 ಮಂದಿಗೆ.

ಚಿಕ್ಕಪ್ಪ: ಗೃಹಪ್ರವೇಶಕ್ಕೆ ಬರಲು ರಜೆ ಸಿಗದವನಿಗೆ ಅಮೆರಿಕದ ಲೆಕ್ಕ ನೋಡಲು ಸಮಯ ಸಿಗುತ್ತದೆ.

ದೊಡ್ಡಪ್ಪ: ಅಪ್ಪನ ಜೊತೆ ವಾದ ಬೇಡ. ಅವನು ಪ್ರೀತಿಯಿಂದ ಹಾಕಿದ್ದಾನೆ. ಹಿರಿಯರು ಬೇಡ ಎಂದರೆ ಅದರಲ್ಲಿ ಒಂದು ಕಾರಣ ಇರುತ್ತದೆ.

ಭಾವ: ಆಗಲೂ ದೊಡ್ಡ ಮಾವ ಬೇಡ ಎಂದೇ ಹೇಳಿದ್ದರಲ್ಲ, ಈ ಮೈಸೂರಿನವಳು ಶಾಲೆಯಲ್ಲಿದ್ದಾಗ ಓಟಕ್ಕೆ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಾಗ. ಎಂಟುನೂರು ಮೀಟರು ಅಲ್ಲವೇ? ಒಳ್ಳೆಯ ಓಟ ಅದು. ತಾಲ್ಲೂಕು ಮಟ್ಟದಲ್ಲಿ ಎರಡನೆಯವಳು ಅರ್ಧ ಸುತ್ತು ಹಿಂದೆ ಇದ್ದಳು.

ಭಾವನಿಗೆ ಹಳೆಯದು ನೆನಪಾದರೆ ಮುಂದೆ ಹಿಂದೆ ನೋಡುವ ಅಭ್ಯಾಸವಿಲ್ಲ. ಆ ಮಾತು ಗುಂಪಿಗೆ ಬಿದ್ದ ಮೇಲೆ ಡೆನ್ಮಾರ್ಕು, ಮಂಡಿ, ಆಮೆ ಎಲ್ಲವೂ ಹಿಂದೆ ಸರಿದವು.

ದೊಡ್ಡಪ್ಪ: ನಾನು ಬೇಡ ಎಂದಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವನು ಅವಳ ಅಪ್ಪ.

ಅತ್ತೆ: ಅಣ್ಣಾ, ದೇವರ ಮನೆಯ ಮುಂದೆ ನಿಂತು ‘ಚಡ್ಡಿ ಹಾಕಿಕೊಂಡು ಹಾಸನದ ಜನರ ಮುಂದೆ ಓಡುವುದು ಬೇಡ’ ಎಂದವನು ನೀನು. ನಾನು ಹೂವು ಕಟ್ಟುತ್ತಾ ಕುಳಿತಿದ್ದೆ.

ದೊಡ್ಡಪ್ಪ: ಅದು ಅಭಿಪ್ರಾಯ. ತೀರ್ಮಾನ ಅವನದು.

ಚಿಕ್ಕಮ್ಮ: ನನಗೆ ನೆನಪಿರುವ ಹಾಗೆ ಸಹಿ ಹಾಕಲು ಇವಳ ಅಪ್ಪ ಸಿದ್ಧರಿದ್ದರು. ಪರೀಕ್ಷೆ ಹತ್ತಿರ ಇದೆ ಎಂದು ಇವಳ ಅಮ್ಮನೇ ಬೇಡ ಎಂದರು.

ಅತ್ತೆ: ಅತ್ತಿಗೆಯ ಮೇಲೆ ಹಾಕಬೇಡ. ಪಾಪ, ಅವಳು ಬಿಳಿ ಕ್ಯಾನ್ವಾಸ್ ಬೂಟಿಗೆ ಸುಣ್ಣ ಬಳಿದು ಒಣಗಿಸಿ ಇಟ್ಟಿದ್ದಳು.

ಆ ಬೂಟುಗಳು ನನಗೂ ನೆನಪಿವೆ. ಒಂದರ ಬೆರಳಿನ ಜಾಗದಲ್ಲಿ ಹೊಲಿಗೆ ಬಿಟ್ಟಿತ್ತು. ಅಮ್ಮ ದಪ್ಪ ನೂಲಿನಿಂದ ಹೊಲಿದಿದ್ದಳು. ಅಪ್ಪ ಈಗ ಇಲ್ಲ. 51ಕ್ಕೆ ಹೃದಯಾಘಾತದಿಂದ ಹೋದರು. ಅವರು ಏನು ಹೇಳಿದ್ದರು ಎಂದು ಕೇಳಿ ತಿಳಿಯುವ ದಾರಿ ಇಲ್ಲ. ಮೂವರು ಮೂರು ಬಗೆಯಾಗಿ ಹೇಳುತ್ತಿರುವಾಗ ನಾನು ಅದಕ್ಕೆ ಉತ್ತರ ಕೊಡಲಿಲ್ಲ. ನನಗೆ ಹೇಳಬೇಕಾಗಿದ್ದುದು ಬೇರೆ ಇತ್ತು, ಅದನ್ನು ಹೇಳಿದೆ.

ನಾನು: ಆ ಪತ್ರದ ವಿಷಯ ಆಮೇಲೆ ಮಾತನಾಡೋಣ. ಚಿಕ್ಕಪ್ಪ ಹಾಕಿದ ಸಂದೇಶದ ಮೊದಲ ಸಾಲನ್ನು ಯಾರೂ ಸರಿಯಾಗಿ ಓದಲಿಲ್ಲ. ಜಿಮ್ ಫಿಕ್ಸ್ ಓಡುತ್ತಾ ಸತ್ತದ್ದು ನಿಜ. 1984ರ ಜುಲೈ 20, ವರ್ಮಾಂಟಿನಲ್ಲಿ, 52ನೇ ವಯಸ್ಸಿಗೆ. ಆದರೆ ಆತನ ಅಪ್ಪನಿಗೆ 35ಕ್ಕೇ ಮೊದಲ ಹೃದಯಾಘಾತವಾಗಿತ್ತು, 43ಕ್ಕೆ ತೀರಿಹೋಗಿದ್ದ. ಫಿಕ್ಸ್ ತಾನೂ 35ರವರೆಗೆ ನೂರು ಕಿಲೋ ಹತ್ತಿರ ಇದ್ದ, ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ. ಆಮೇಲೆ ಓಟ ಶುರು ಮಾಡಿದ, ಸಿಗರೇಟು ಬಿಟ್ಟ, ತೂಕ ಇಳಿಸಿದ. ಸತ್ತ ಮೇಲೆ ತೆರೆದು ನೋಡಿದಾಗ ಹೃದಯದ ಒಂದು ರಕ್ತನಾಳ ಶೇ 95ರಷ್ಟು ಮುಚ್ಚಿತ್ತು. ಓಡುವಾಗ ಹೃದಯ ಹೇಗಿದೆ ಎಂದು ತೋರಿಸುವ ಪರೀಕ್ಷೆ ಮಾಡಿಸಿಕೊಳ್ಳಲು ಮಾತ್ರ ಆತ ಒಪ್ಪಿರಲಿಲ್ಲ. ಓಡುತ್ತೇನಲ್ಲ, ಇನ್ನೇನು ಬೇಕು ಎಂದುಕೊಂಡವರು ಇವತ್ತಿಗೂ ಬಹಳ ಮಂದಿ ಇದ್ದಾರೆ. ಅವರಿಗೂ ಇದನ್ನೇ ಹೇಳುತ್ತೇನೆ.

ನಾನು: ನನ್ನ ಅಪ್ಪ ಓಡಿದವರಲ್ಲ. ಬಸ್ಸು ತಪ್ಪಿದರೂ ಓಡುತ್ತಿರಲಿಲ್ಲ. ಅದಕ್ಕೇ ನಾನು ಬೂಟು ಕೊಳ್ಳುವ ಮೊದಲು ಮಾಡಿದ ಕೆಲಸ ಹೃದಯ ತಜ್ಞರ ಬಳಿ ಹೋದದ್ದು. ಇಸಿಜಿ, ಎಕೊ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತದ ಕೊಬ್ಬಿನ ಪರೀಕ್ಷೆ. ನಮ್ಮ ವಂಶದಲ್ಲಿ ಇದೆ ಎಂದು ಹೇಳಿದ ಕೂಡಲೇ ಅವರು ಬರೆದುಕೊಟ್ಟರು. ಕೊಬ್ಬು ಹೆಚ್ಚಿತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೃದಯಕ್ಕೆ ಓಡಲು ತೊಂದರೆ ಇಲ್ಲ ಎಂದರು. ಈ ಗುಂಪಿನಲ್ಲಿ ಇಷ್ಟು ಮಾತನಾಡಿದವರಲ್ಲಿ ಯಾರು ಪರೀಕ್ಷೆ ಮಾಡಿಸಿಕೊಂಡಿದ್ದೀರಿ? ಚಿಕ್ಕಪ್ಪ, ಬೀದಿಯವರೆಲ್ಲ ಜಯದೇವಕ್ಕೆ ಹೋದರು ಎಂದಿರಿ. ನೀವು ಹೋದಿರಾ?

ಚಿಕ್ಕಪ್ಪ: ನನಗೆ ಏನಾಗಿದೆ? ದಿನಾ ಸಂಜೆ ನಡೆಯುತ್ತೇನೆ.

ಚಿಕ್ಕಮ್ಮ: ಈಗ ಹೇಳಿಬಿಡುತ್ತೇನೆ. ಮಹಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ ಎನ್ನುತ್ತಾರೆ. ನಿಂತರೆ ಸರಿಹೋಗುತ್ತದಂತೆ. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿಯುತ್ತಾರೆ. ಯಾರಿಗೂ ಹೇಳಬೇಡ ಎಂದಿದ್ದಾರೆ.

ತಮ್ಮ: ಅಪ್ಪಾ???

ಚಿಕ್ಕಪ್ಪ: ಇವಳಿಗೆ ಎಲ್ಲವನ್ನೂ ಗುಂಪಿನಲ್ಲಿ ಹೇಳುವ ಅಭ್ಯಾಸ.

ತಮ್ಮ: ಎಷ್ಟು ದಿನದಿಂದ ಅಮ್ಮಾ?

ಚಿಕ್ಕಮ್ಮ: ಹಬ್ಬಕ್ಕೆ ಮುಂಚಿನಿಂದ.

ನಾನು: ಚಿಕ್ಕಪ್ಪ, ನಡೆದಾಗ, ಹತ್ತಿದಾಗ ಹಿಡಿದು, ನಿಂತಾಗ ಬಿಡುವ ಎದೆನೋವನ್ನು ಗ್ಯಾಸು ಎಂದು ಬಿಡುವಂತಿಲ್ಲ. ಇವತ್ತಿನ ಸಂಜೆಯ ನಡಿಗೆ ಬೇಡ. ಸುಮ್ಮನೆ ಕೂತಾಗಲೂ ನೋವು ಬಂದರೆ, ಬೆವರಿದರೆ, ಎಡಗೈಗೋ ದವಡೆಗೋ ಹರಿದರೆ ಯಾರನ್ನೂ ಕಾಯದೆ 108ಕ್ಕೆ ಕರೆ ಮಾಡಿ. ಇಲ್ಲವಾದರೆ ನಾಳೆ ಬೆಳಿಗ್ಗೆಯೇ ಹೃದಯ ತಜ್ಞರನ್ನು ನೋಡೋಣ. ನಾನು ಮೈಸೂರಿನಿಂದ ಮೊದಲ ಬಸ್ಸಿಗೆ ಹೊರಡುತ್ತೇನೆ.

ಚಿಕ್ಕಪ್ಪ: ನಾಳೆ ಸೋಮವಾರ. ಬ್ಯಾಂಕಿನ ಕೆಲಸ ಇದೆ.

ಅತ್ತೆ: ಬ್ಯಾಂಕು ಓಡಿಹೋಗುವುದಿಲ್ಲ. ನಮ್ಮ ಅಣ್ಣ ಒಬ್ಬ ಹೋದದ್ದು ಸಾಕು.

ಭಾವ: ನಾನು ಕಾರು ತರುತ್ತೇನೆ ಮಾವ. ಏಳಕ್ಕೆ ಮನೆಯ ಮುಂದೆ ಇರುತ್ತೇನೆ.

ಚಿಕ್ಕಪ್ಪ: ಮೋಟಾರಿನ ಹಣ ಕೊಟ್ಟರೆ ಕಾರು ಹತ್ತುತ್ತೇನೆ.

ಭಾವ: ಆಯಿತು ಮಾವ, ಕೊಡುತ್ತೇನೆ. ಹತ್ತಿ.

ತಮ್ಮ: ಇವತ್ತು ರಾತ್ರಿಯ ಬಸ್ಸಿಗೆ ನಾನೂ ಹೊರಟೆ. ಅಮ್ಮಾ, ಹಳೆಯ ರಕ್ತ ಪರೀಕ್ಷೆಯ ಚೀಟಿ, ಅಪ್ಪ ನುಂಗುವ ಮಾತ್ರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ.

ದೊಡ್ಡಪ್ಪ: ನಾನೂ ಬರುತ್ತೇನೆ. ನನಗೂ ಒಂದು ಇಸಿಜಿ ಮಾಡಲಿ. ಎಪ್ಪತ್ತೆಂಟಾಯಿತು, ಒಮ್ಮೆಯೂ ಮಾಡಿಸಿಲ್ಲ.

ಅತ್ತೆ: ಬಾ ಅಣ್ಣಾ, ನಾನೂ ಇರುತ್ತೇನೆ. ದಾರಿಯಲ್ಲಿ ಆ ಒಪ್ಪಿಗೆ ಪತ್ರದ ಮಾತನ್ನು ಮುಗಿಸೋಣ. ಹೂವು ಕಟ್ಟುತ್ತಿದ್ದವಳು ನಾನು, ನನಗೆ ಸರಿಯಾಗಿ ನೆನಪಿದೆ.