ಟೆಸ್ಟೇ ಆಗದ ಕಡೆ ಎಐ ರೋಗದ ಅಪಾಯ ಅಳೆಯುವುದು ಹೇಗೆ?

ಪ್ರಶ್ನೆ: ಸಾಂಕ್ರಾಮಿಕ ರೋಗದ ಎಐ ಮಾದರಿಗಳು ಕಲಿಯುವುದು ದಾಖಲಾದ ಕೇಸುಗಳಿಂದ ಅಲ್ವಾ? ಟೆಸ್ಟ್ ಕಡಿಮೆ ಇರುವ ಬಡ ಪ್ರದೇಶ ಸುಮ್ನೆ ಸುರಕ್ಷಿತ ಅಂತ ಕಾಣಿಸಿದರೆ, ಲಸಿಕೆಯೂ ಅಲ್ಲಿಗೆ ಕೊನೆಗೆ ಹೋಗುತ್ತದೆ. ಇದಕ್ಕೆ ದಾರಿ ಇದೆಯಾ?

ಉತ್ತರ 1: ಇದೆ. ಟೆಸ್ಟ್ ಮಾಡಿಸಿಕೊಂಡವರಲ್ಲಿ ಎಷ್ಟು ಪಾಲು ಪಾಸಿಟಿವ್, ರಕ್ತದಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್) ಹುಡುಕುವ ಸಮೀಕ್ಷೆ, ಮಾಮೂಲಿಗಿಂತ ಜಾಸ್ತಿಯಾದ ಸಾವುಗಳು, ಇವನ್ನೆಲ್ಲ ಸೇರಿಸಿದರೆ ಮರೆಯಾದ ಸೋಂಕು ಸ್ವಲ್ಪವಾದರೂ ಕಾಣುತ್ತದೆ. ಚರಂಡಿ ನೀರಿನ ಪರೀಕ್ಷೆಯೂ ಒಳ್ಳೆಯದೇ, ಆದರೆ ಒಳಚರಂಡಿ ಇಲ್ಲದ ಮನೆಗಳು ಅಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ.

ಉತ್ತರ 2: 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಓದಿ. ಅಮೆರಿಕದ ಒಂದು ಅಲ್ಗಾರಿದಮ್ ಚಿಕಿತ್ಸೆಯ ಖರ್ಚನ್ನೇ ಕಾಯಿಲೆಯ ಅಳತೆ ಮಾಡಿಕೊಂಡಿತ್ತು. ಅದು ಕೊಡುವ ಅಪಾಯದ ಅಂಕ ಒಂದೇ ಇದ್ದರೂ, ಬಿಳಿಯರಿಗಿಂತ ಕಪ್ಪು ಜನರಿಗೆ ಕಾಯಿಲೆ ಜಾಸ್ತಿ ಇತ್ತು. ಅದು ಸಾಂಕ್ರಾಮಿಕ ರೋಗದ್ದಲ್ಲ, ತಪ್ಪು ಮಾತ್ರ ಇಂಥದ್ದೇ.

ಉತ್ತರ 3: ಸರಾಸರಿ ನಿಖರತೆ ನೋಡಿ ಖುಷಿಪಡಬೇಡಿ. ಪ್ರತಿ ಗುಂಪಿನಲ್ಲೂ ಮಾದರಿ ಎಷ್ಟು ತಪ್ಪುತ್ತದೆ ಅಂತ ಬೇರೆಬೇರೆಯಾಗಿ ಕೇಳಿ.